ಉಗ್ರಾಣವಿದ್ದಂತೆ ಒಡಲು

(ಶ್ರಾವಣ ಮಾಸದ ಪ್ರವಚನ)



ಇಂದು ನಾವು ಅಡುಗೆಮನೆಯ ವಿಷಯವನ್ನು ಮಾತನಾಡಬೇಕೆಂದಿದ್ದೇವೆ. ಸ್ವಾಮಿಗಳಿಗೂ ಒಲೆಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಸಂಬಂಧವಿದೆ. ಉಣ್ಣುವುದನ್ನು ಪ್ರಸಾದವೆಂದು ಸ್ವೀಕರಿಸುವವರು ನಾವು. ಪ್ರಸಾದವೆಂದ ಮೇಲೆ ಅದು ಯಾವ ಕಾಳಿನಿಂದ ಆಯಿತು, ಯಾವ ಪಾತ್ರೆಯಲ್ಲಿ ಬೆಂದಿತು, ಯಾರಿಗೆ ಸಿಕ್ಕಿತು, ಯಾರಿಗೆ ಉಳಿಯಲಿಲ್ಲ ಎಂಬುದನ್ನೂ ವಿಚಾರಿಸಬೇಕಲ್ಲವೇ?

ಹಸಿವಾದಾಗ ಕೈ ಎಲ್ಲಿಗೆ ಹೋಗುತ್ತದೆ? ಮನೆಯ ಡಬ್ಬಿಯಲ್ಲಿ ಏನಿದೆಯೋ ಅಲ್ಲಿಗೆ. ಡಬ್ಬಿಯಲ್ಲಿ ಹುರಿದ ಶೇಂಗಾ ಇದ್ದರೆ ಮಗು ಶೇಂಗಾ ತಿನ್ನುತ್ತದೆ. ಬಿಸ್ಕತ್ತಿನ ಪೊಟ್ಟಣವಿದ್ದರೆ ಅದನ್ನೇ ಹರಿಯುತ್ತದೆ. ನಾಳೆಯಿಂದ ಒಳ್ಳೆಯದನ್ನು ಉಣ್ಣುತ್ತೇವೆಂದು ಸಂಕಲ್ಪ ಮಾಡಿದರೆ ಸಾಲದು. ಸಂಕಲ್ಪಕ್ಕೆ ತಕ್ಕ ಸಾಮಗ್ರಿ ಮನೆಯಲ್ಲಿರಬೇಕು. ಬಿತ್ತದೆ ಬೆಳೆ ಬಂದೀತೇ?

ಹಿಂದೊಮ್ಮೆ ಭಕ್ತರೊಬ್ಬರು ಹೊಸ ಮನೆ ಕಟ್ಟಿಸಿ ನಮ್ಮನ್ನು ಪಾದಪೂಜೆಗೆ ಕರೆದಿದ್ದರು. ಗಾಜಿನ ಕಪಾಟಿನ ತುಂಬ ಥಳಥಳಿಸುವ ಪಾತ್ರೆಗಳು. ‘ಎಲ್ಲವೂ ಬೀಗರು ಕೊಟ್ಟದ್ದು, ಬುದ್ಧಿ’ ಎಂದು ಯಜಮಾನರು ಅಭಿಮಾನದಿಂದ ತೋರಿಸಿದರು. ಒಳಗೆ ಸೊಸೆ ಮಾತ್ರ ಮೊಂಡಾದ ಈಳಿಗೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ತಳ ಸವೆದ ಬೋಗುಣಿಯಲ್ಲಿ ಬೇಳೆ ಕುದಿಯುತ್ತಿತ್ತು. ‘ಯಜಮಾನರೇ, ಕಪಾಟಿನಲ್ಲಿರುವುದು ನಿಮ್ಮ ಪ್ರತಿಷ್ಠೆ, ಒಲೆಯ ಮೇಲಿರುವುದು ನಿಮ್ಮ ಆರೋಗ್ಯ. ಯಾವುದಕ್ಕೆ ಹೆಚ್ಚು ಖರ್ಚು ಮಾಡಿದ್ದೀರಿ?’ ಎಂದು ಕೇಳಿದೆವು. ಅವರು ತಲೆ ತಗ್ಗಿಸಿದರು.

ಹಾಗಾದರೆ ಏನೇನು ಬೇಕು? ಬಹಳ ಬೇಕಿಲ್ಲ. ರೊಟ್ಟಿಗೆ ದಪ್ಪನೆಯ ಕಬ್ಬಿಣದ ಹಂಚು, ಹಿಟ್ಟು ನಾದಲು ಪರಾತ, ಹರಿತವಾದ ಈಳಿಗೆ ಅಥವಾ ಚಾಕು, ಬೇಳೆಕಾಳಿಗೆ ಒಂದು ಕುಕ್ಕರು, ಕುಟ್ಟಲು ಒಂದು ಒಳಕಲ್ಲು, ಕೇರಲು ಮರ, ಸೋಸಲು ಜರಡಿ, ಬಿಗಿ ಮುಚ್ಚಳದ ಡಬ್ಬಿಗಳು. ಕುಕ್ಕರಿನಲ್ಲಿ ಕಾಳು ಬೇಗ ಬೇಯುತ್ತದೆ, ಉರುವಲು ಉಳಿಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ಪಲ್ಯಕ್ಕೆ ಸ್ವಲ್ಪ ಕಬ್ಬಿಣದ ಅಂಶವೂ ಸೇರುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹೋಗಿದ್ದರೆ ಅವುಗಳಲ್ಲಿ ಹುಣಸೆಹಣ್ಣಿನ ಸಾರು, ಮಜ್ಜಿಗೆ ಇಡಬೇಡಿ. ಹುಳಿ ತಾಮ್ರವನ್ನು ಕರಗಿಸುತ್ತದೆ, ಹೊಟ್ಟೆ ಕೆಡುತ್ತದೆ. ಇನ್ನು, ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆಯಲ್ಲಿ ಎಂಥ ಊಟ ಮಾಡಿದರೇನು? ಅಲ್ಲಿ ನಿಂತವಳ ಕಣ್ಣು, ಪುಪ್ಪುಸ ಎರಡೂ ಬಲಿಯಾಗುತ್ತವೆ. ಗ್ಯಾಸು ಬಂದ ಮನೆಗಳಲ್ಲಿಯೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಕಟ್ಟಿಗೆಯ ಒಲೆ ಹಚ್ಚುವುದುಂಟು. ಅಲ್ಲೊಂದು ಹೊಗೆಕೊಳವೆ ಇರಲಿ.

ಈಗ ಕಾಳಿನ ಮಾತು. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು, ಗುಡಾಣದಲ್ಲಿ ನವಣೆ, ಸಾವೆ ಇಡುತ್ತಿದ್ದರು. ನಡುವೆ ನಮಗೆ ಬಿಳಿ ಅಕ್ಕಿಯ ವ್ಯಾಮೋಹ ಹತ್ತಿತು. ಜೋಳದ ರೊಟ್ಟಿ ಬಡವರ ಊಟವೆನಿಸಿತು. ಕೊನೆಗೆ ವಿಶ್ವಸಂಸ್ಥೆಯೇ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಮನೆಯ ಅಜ್ಜಿ ಹೇಳಿದಾಗ ಕೇಳದ ಮಾತನ್ನು ಜಗತ್ತು ಹೇಳಿದಾಗ ಕೇಳಿದೆವು! ಅಕ್ಕಿಗೆ ಪಾಲಿಶ್ ಮಾಡಿದಷ್ಟೂ ತೌಡಿನೊಡನೆ ನಾರು ಹೋಗುತ್ತದೆ, ಬಿ ಜೀವಸತ್ವ ಹೋಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಹಾಗೆಂದು ಸಕ್ಕರೆ ಕಾಯಿಲೆಯವರು ರಾಗಿಯೆಂದು ಲೆಕ್ಕವಿಲ್ಲದೆ ಮುದ್ದೆ ನುಂಗಬಾರದು. ಹಿತವಾದದ್ದಕ್ಕೂ ಮಿತವಿದೆ.

ಜೋಳಕ್ಕೆ ಬೇಳೆ ಜೊತೆಯಾಗಬೇಕು. ಜೋಳದ ಸಾರಜನಕದಲ್ಲಿರುವ ಕೊರತೆಯನ್ನು ತೊಗರಿ, ಹೆಸರು, ಮಡಕೆ, ಕಡಲೆ ತುಂಬುತ್ತವೆ. ರೊಟ್ಟಿಯ ಪಕ್ಕದಲ್ಲಿ ಕಾಳುಪಲ್ಯ ಬಡಿಸಿದ ತಾಯಿ ಯಾವ ಪುಸ್ತಕವನ್ನೂ ಓದಿರಲಿಲ್ಲ, ಆದರೆ ಸರಿಯಾದುದನ್ನೇ ಮಾಡಿದ್ದಳು. ಅದರೊಡನೆ ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿಗಳಿರಲಿ. ಬೂಷ್ಟು ಹಿಡಿದ ಶೇಂಗಾ ಮಾತ್ರ ಬೇಡ. ಆ ಬೂಷ್ಟಿನ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗುವುದಿಲ್ಲ. ದುಡ್ಡು ಕೊಟ್ಟದ್ದೆಂದು ಮರುಗದೆ ಚೆಲ್ಲಿಬಿಡಿ.

ಉಪ್ಪಿನ ಲೆಕ್ಕವನ್ನು ಮನೆಯಲ್ಲಿಯೇ ಮಾಡಬಹುದು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಸಣ್ಣ ಚಮಚ. ಐದು ಜನರ ಮನೆಗೆ ತಿಂಗಳಿಗೆ ಮುಕ್ಕಾಲು ಕಿಲೋ ಆಯಿತು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲಿಯೇ ಸೇರಬೇಕು. ನಿಮ್ಮ ಮನೆಯಲ್ಲಿ ಎಷ್ಟು ಮುಗಿಯುತ್ತದೆ? ಇಂದು ಮನೆಗೆ ಹೋಗಿ ಪೊಟ್ಟಣದ ಮೇಲೆ ತಾರೀಖು ಬರೆದಿಡಿ, ತಿಂಗಳ ಕೊನೆಗೆ ಅದೇ ಉತ್ತರ ಹೇಳುತ್ತದೆ. ಅಯೋಡಿನ್ ಸೇರಿಸಿದ ಉಪ್ಪನ್ನೇ ತನ್ನಿ, ಮುಚ್ಚಿಡಿ.

ಕೂಡಿಡುವುದಕ್ಕೂ ಒಂದು ಶಿಸ್ತು ಬೇಕು. ದಾಸೋಹದ ಉಗ್ರಾಣದಲ್ಲಿ ಮೊದಲು ಬಂದ ಚೀಲವನ್ನು ಮೊದಲು ಬಿಚ್ಚುತ್ತಾರೆ. ಹೊಸದನ್ನು ಹಿಂದೆ ಒಟ್ಟುತ್ತಾರೆ. ಮನೆಯಲ್ಲಿಯೂ ಹಾಗೆಯೇ ಆಗಬೇಕು. ಹಳೆಯ ಬೇಳೆಯ ಮೇಲೆ ಹೊಸದನ್ನು ಸುರಿದರೆ ತಳದಲ್ಲಿದ್ದದ್ದು ಹುಳುವಿಗೆ ಮೀಸಲು. ಕಾಳನ್ನು ಚೆನ್ನಾಗಿ ಒಣಗಿಸಿ ತುಂಬಿರಿ. ಜೋಳವನ್ನು ಕಾಳಾಗಿಯೇ ಇಟ್ಟು ಹದಿನೈದು ದಿನಕ್ಕಾಗುವಷ್ಟು ಬೀಸಿಸಿಕೊಳ್ಳಿ. ಹಿಟ್ಟು ಹಳೆಯದಾದರೆ ಕಹಿಯಾಗುತ್ತದೆ, ರೊಟ್ಟಿ ಬಿರಿಯುತ್ತದೆ.

ತಾಯಂದಿರೇ, ಇದೆಲ್ಲವನ್ನೂ ನೀವು ಬಲ್ಲಿರಿ. ನಾವು ಹೇಳಬೇಕಾದದ್ದು ಗಂಡಸರಿಗೆ. ಡಬ್ಬಿಗಳು ತುಂಬಿದ್ದೂ ತುಂಬಿದವಳ ಹೊಟ್ಟೆ ಬರಿದಾಗಿದ್ದರೆ ಆ ಉಗ್ರಾಣದಿಂದ ಏನು ಫಲ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇದಕ್ಕೆ ಕಾರಣ ಹಲವು. ಆದರೆ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ತಿಳಿಸಾರು, ಒಂದು ಒಣ ರೊಟ್ಟಿ ಅವಳ ಪಾಲಿಗೆ ಬರುವುದೂ ಅದರಲ್ಲಿ ಒಂದಲ್ಲವೇ? ಸೊಪ್ಪು, ಕಾಳು ಅವಳ ತಟ್ಟೆಗೂ ಬೀಳಬೇಕು. ಅದರ ಮೇಲೆ ನಿಂಬೆಹುಳಿ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೂಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ತಡೆಯಾಗುತ್ತದೆ.

ದಾಸೋಹವೆಂದರೆ ಪಂಕ್ತಿಯಲ್ಲಿ ಭೇದವಿಲ್ಲದ ಊಟ. ಮಠದಲ್ಲಿ ಆ ಪಂಕ್ತಿಯನ್ನು ಕಂಡು ಕೈಮುಗಿಯುವ ನೀವು ಮನೆಯಲ್ಲಿಯೂ ಅದನ್ನು ಹಾಸಿರಿ. ಈ ಶ್ರಾವಣದಲ್ಲಿ ಒಂದು ನೇಮ ಹಿಡಿಯಿರಿ: ದಿನಕ್ಕೊಂದು ಹೊತ್ತಾದರೂ ಅಡುಗೆ ಮಾಡಿದವಳನ್ನು ಕೂರಿಸಿಕೊಂಡೇ ಉಣ್ಣಿರಿ, ಅಂದು ನೀವೇ ಬಡಿಸಿರಿ. ಆಗ ಮನೆಯ ಉಗ್ರಾಣ ನಿಜವಾಗಿ ತುಂಬುತ್ತದೆ. ಎಲ್ಲರಿಗೂ ಆರೋಗ್ಯ ಲಭಿಸಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.