ಮೊದಲ ಹಾಳೆಯ ರುಜು



ಬಸವನಗುಡಿ, ಜಯನಗರ, ಬನಶಂಕರಿಗಳಲ್ಲಿ ಹಳೆಯ ಮನೆಯನ್ನು ಕೆಡವುವಾಗ ಮೊದಲು ಬೀದಿಗೆ ಬರುವುದು ಪುಸ್ತಕದ ಬೀರು. ಪಾತ್ರೆ ಪದಾರ್ಥಗಳನ್ನು ಲೆಕ್ಕವಿಟ್ಟು ಹಂಚಿಕೊಳ್ಳುವ ಮಕ್ಕಳು ಪುಸ್ತಕಗಳನ್ನು ತೂಕಕ್ಕೆ ಹಾಕುತ್ತಾರೆ. ಅದನ್ನಾದರೂ ಸಹಿಸಬಹುದು. ಆದರೆ ತಂದೆಯ ಹೆಸರು ಅವೆನ್ಯೂ ರಸ್ತೆಯ ಪಾಲಾಗಬಾರದೆಂದು ಮೊದಲ ಹಾಳೆಯನ್ನು ಹರಿದೆಸೆದು ಮಾರುವವರನ್ನು ಕಂಡಾಗ ನಮಗೆ ಕರುಳು ಕಿವುಚಿದಂತಾಗುತ್ತದೆ. ಒಬ್ಬ ಗ್ರಂಥಕರ್ತನು ಮತ್ತೊಬ್ಬನಿಗೆ 'ವಿಶ್ವಾಸಪೂರ್ವಕ' ಎಂದು ಬರೆದು ರುಜು ಹಾಕಿ ಕೊಟ್ಟಿರುವುದು ಆ ಹಾಳೆಯ ಮೇಲೆಯೇ ಅಲ್ಲವೇ!

ಅಚ್ಚಿನ ಅರ್ಪಣೆ ಬೇರೆ, ಕೈಬರಹದ ಕಾಣಿಕೆ ಬೇರೆ. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಕಾವ್ಯವು ಪ್ರಕಟವಾಗತೊಡಗಿದ್ದು 1949ರಲ್ಲಿ. ಗುರುಗಳು 1939ರಲ್ಲಿಯೇ ತೀರಿಕೊಂಡಿದ್ದರು. ಅಚ್ಚಿನ ಅರ್ಪಣೆಯು ಅಗಲಿದವರಿಗೂ ಸಲ್ಲುತ್ತದೆ, ಎಲ್ಲ ಪ್ರತಿಗಳಲ್ಲಿಯೂ ಇರುತ್ತದೆ. ಕೈಬರಹವಿರುವುದು ಒಂದೇ ಪ್ರತಿಯಲ್ಲಿ. ಕೊಡುವವರೂ ಕೊಳ್ಳುವವರೂ ಬದುಕಿರುವಾಗಲೇ ಅದು ಸಾಧ್ಯ.

ಕನ್ನಡಿಗರಿಗೆ ಇದರಲ್ಲಿ ಬೇರೊಂದು ಅರ್ಥವೂ ಉಂಟು. ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೂ ಹಿಂದೆ, ಆಂಗ್ಲರ ಆಳ್ವಿಕೆಯಲ್ಲಿ, ಧಾರವಾಡವು ಮುಂಬಯಿಗೂ ಮಂಗಳೂರು ಮದರಾಸಿಗೂ ಕಲಬುರ್ಗಿ ನಿಜಾಮನಿಗೂ ಸೇರಿದ್ದವು. ಆದರೆ ಮೈಸೂರು ಸೀಮೆಯ ಮಾಸ್ತಿಯವರಿಗೂ ಧಾರವಾಡದ ಬೇಂದ್ರೆಯವರಿಗೂ ನಡುವೆ ಯಾವ ಗಡಿಯಿತ್ತು? ಬೇಂದ್ರೆಯವರ 'ಗರಿ' 1932ರಲ್ಲಿ ಹೊರಬಂದದ್ದು ಮಾಸ್ತಿಯವರ ನೆರವಿನಿಂದ. ಅದರೊಳಗಿನ 'ನರಬಲಿ'ಗಾಗಿ ಪರಸರ್ಕಾರವು ಕವಿಯನ್ನು ಸೆರೆಗೆ ಕಳುಹಿಸಿತು. ಧಾರವಾಡದಲ್ಲಿ ಹುಟ್ಟಿದ 'ಜೀವನ' ಪತ್ರಿಕೆಯ ಭಾರವನ್ನು 1944ರಿಂದ ಮಾಸ್ತಿಯವರು ಹೊತ್ತರು. ಆ ಕಾಲದಲ್ಲಿ ಒಂದು ಪ್ರಾಂತದಿಂದ ಇನ್ನೊಂದಕ್ಕೆ ರುಜುವಿನೊಡನೆ ದಾಟಿದ ಕನ್ನಡ ಪುಸ್ತಕವು ಏಕೀಕರಣದ ದಸ್ತಾವೇಜೇ ಸರಿ. ಸಭೆಗಳ ನಿರ್ಣಯಗಳಿಗಿಂತ ಅದರ ಸಾಕ್ಷ್ಯವನ್ನೇ ನಾವು ಹೆಚ್ಚು ನಂಬುತ್ತೇವೆ.

ವಕೀಲಿ ಮಾಡುವ ನಮಗೆ ದಸ್ತಾವೇಜೆಂದರೆ ಸಂಶಯವೂ ಸಹಜ. ಸಂಗ್ರಹಿಸುವವರು ರುಜುವನ್ನು ಆ ಲೇಖಕರ ಪತ್ರಗಳೊಡನೆ ಹೋಲಿಸಬೇಕು. ಕಾಣಿಕೆಯ ತಾರೀಖು ಮುದ್ರಣದ ವರ್ಷಕ್ಕಿಂತ ಹಿಂದಿನದಾಗಿದ್ದರೆ ಕೈಬಿಡಬೇಕು. ಪುಸ್ತಕವು ಯಾರ ಮನೆಯಿಂದ ಬಂದಿತೆಂಬುದನ್ನು ಬೇರೆ ಚೀಟಿಯಲ್ಲಿ ಬರೆದಿಡಬೇಕು. ಪಡೆದವರು ಅಂಚಿನಲ್ಲಿ ಪೆನ್ಸಿಲಿನಿಂದ ತಕರಾರು ಬರೆದಿದ್ದರೆ ಅಂಥ ಪ್ರತಿಗೆ ಬೆಲೆ ಕಟ್ಟಲಾಗದು. (ಪುಟಗಳನ್ನು ಬಿಡಿಸಿಯೇ ಇಲ್ಲದ ಪ್ರತಿಗಳೂ ಸಿಗುವುದುಂಟು. ಅವೂ ಒಂದು ಬಗೆಯ ಸಾಕ್ಷ್ಯವೇ!)

ಆದರೆ ಕೊಂಡದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಸಂಗ್ರಹವನ್ನು ನಾವು ಒಪ್ಪಲಾರೆವು. ನರಸಿಂಹರಾಜ ಕಾಲೋನಿಯಲ್ಲಿ ಡಿ. ವಿ. ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಂಸ್ಥೆಯಿದೆ, ಬಿ. ಎಂ. ಶ್ರೀ ಸ್ಮಾರಕ ಪ್ರತಿಷ್ಠಾನವಿದೆ, ಚಾಮರಾಜಪೇಟೆಯಲ್ಲಿ ಪರಿಷತ್ತಿದೆ. ಬೀರು ಬರಿದುಮಾಡುವ ಮುನ್ನ ಇಂಥ ಕಡೆ ಒಮ್ಮೆ ವಿಚಾರಿಸಿರಿ. ಹಾಳೆ ಕಿತ್ತುಬಂದಿದ್ದರೆ ಗೋಂದು ಹಚ್ಚದೆ, ಬಿಳಿಯ ಕಾಗದದಲ್ಲಿ ಸುತ್ತಿ, ಅದೇ ಪುಸ್ತಕದೊಳಗಿಟ್ಟು ಒಯ್ಯಿರಿ.