ಗೆಲ್ಲುವುದಕ್ಕೆ ಮೊದಲು ಕೊಡುವ ನೆರವು



ಗೆದ್ದು ಬಂದ ಜಟ್ಟಿಗೆ ಮಾಲೆ ಹಾಕುವವರು ಊರು ತುಂಬ ಇರುವರು. ಗೆಲ್ಲುವುದಕ್ಕೆ ಮೊದಲು ಅವನ ಹಾಲುತುಪ್ಪಕ್ಕೆ, ದಾರಿವೆಚ್ಚಕ್ಕೆ ಕೊಡುವವರೆಷ್ಟು ಮಂದಿ? ಒಂದೇ ನಿದರ್ಶನವನ್ನು ತಮ್ಮ ಮುಂದಿಡುವೆನು.

ನೆರೆಯ ಸಾತಾರಾ ಜಿಲ್ಲೆಯ ಗೋಳೇಶ್ವರವೆಂಬ ಹಳ್ಳಿಯ ಖಾಶಾಬಾ ಜಾಧವರು ಕುಸ್ತಿಗಾರರ ಮನೆತನದವರು. ಮಣ್ಣಿನ ಕಣದಲ್ಲಿ ಪಳಗಿದ ಅವರು 1948ರಲ್ಲಿ ಕೊಲ್ಹಾಪುರದ ಮಹಾರಾಜರ ನೆರವಿನಿಂದ ಲಂಡನ್ ಒಲಿಂಪಿಕ್ ಪಂದ್ಯಗಳಿಗೆ ಹೋಗಿ, ಮೆತ್ತೆಯ ಮೇಲೆ ಸೆಣಸಿ, ಆರನೆಯವರಾಗಿ ಬರಿಗೈಯಲ್ಲಿ ಮರಳಿದರು. 1952ರಲ್ಲಿ ಹೆಲ್ಸಿಂಕಿಗೆ ಹೊರಡಬೇಕಾದಾಗ ಹಣವಿಲ್ಲ. ಊರವರು ವಂತಿಗೆಯೆತ್ತಿದರು, ಸಾಲದಾಯಿತು. ಆಗ ಅವರು ಓದಿದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ಒದಗಿಸಿದರು. ಒಮ್ಮೆ ಸೋತು ಬಂದವನಿಗಾಗಿ ಮನೆಯನ್ನು ಒತ್ತೆಯಿಡುವುದೆಂದರೆ ಸಾಮಾನ್ಯವೇ! ನನಗಾದರೋ ಆ ಧೈರ್ಯವಿರಲಾರದು.

ಜಾಧವರು ಕಂಚಿನ ಪದಕವನ್ನು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ವ್ಯಕ್ತಿ ಗೆದ್ದುತಂದ ಮೊದಲ ಒಲಿಂಪಿಕ್ ಪದಕವದು. ಮರಳಿದ ಮೇಲೆ ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಗುರುಗಳ ಸಾಲವನ್ನು ತೀರಿಸಿದರು.

ನಾವು ಯಾರೂ ಮನೆಯನ್ನು ಒತ್ತೆಯಿಡಬೇಕಾಗಿಲ್ಲ. ಊರಿಗೊಬ್ಬ ಹುಡುಗನ ಅಥವಾ ಹುಡುಗಿಯ ವರ್ಷದ ಆಹಾರ, ಪ್ರಯಾಣಗಳ ಭಾರವನ್ನು ಹತ್ತು ಮನೆಗಳವರು ಕೂಡಿ ಹೊತ್ತರೆ ಸಾಕು. ಆ ಮಗು ಸೋತ ವರ್ಷವೂ ಅದನ್ನು ನಿಲ್ಲಿಸಬಾರದೆಂದು ತಮ್ಮಲ್ಲಿ ನನ್ನ ಬಿನ್ನಹ.