ಹಜೀರಾ ಜೆಟ್ಟಿಯಿಂದ ಕ್ರೂಸ್ ಹಡಗಿನವರೆಗೆ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಈ ತಿಂಗಳು ಕ್ರೂಸ್ ಪ್ರವಾಸದ ಬಗ್ಗೆ ಮಾತಾಡಬೇಕೆಂದು ಕೇಳಿದ್ದೀರಿ. ಕಾರಣ ಊಹಿಸಬಲ್ಲೆ. ದೀಪಾವಳಿಗೆ ಇಲ್ಲಿನ ಶಾಲೆಗಳಿಗೆ ದೊಡ್ಡ ರಜೆ, ಅರ್ಧ ಟೌನ್‌ಶಿಪ್ ಖಾಲಿ. ಊರಿಗೆ ಹೋಗುವವರು ಊರಿಗೆ ಹೋಗುತ್ತಾರೆ. ಉಳಿದವರ ವಾಟ್ಸ್‌ಆ್ಯಪ್‌ನಲ್ಲಿ ಈಗ ಬರೀ ಹಡಗಿನ ಚಿತ್ರಗಳು.

ನನ್ನ ಮುಖ್ಯ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಮಂದಿಗೆಲ್ಲ ಸೇರಿ ಲಕ್ಷದ ಲೆಕ್ಕದಲ್ಲಿ ಹಣ ಕಟ್ಟುವ ಮುನ್ನ, ನಮ್ಮ ಹಜೀರಾದ ಫೆರಿಯಲ್ಲಿ ಒಮ್ಮೆ ಘೋಘಾಕ್ಕೆ ಹೋಗಿಬನ್ನಿ. 2020ರ ನವೆಂಬರ್ 8ರಂದು ಶುರುವಾದ ಈ ಸೇವೆಯಿಂದ ರಸ್ತೆಯ 370 ಕಿ.ಮೀ. ದಾರಿ ಸಮುದ್ರದಲ್ಲಿ 90 ಕಿ.ಮೀ.ಗೆ ಇಳಿಯಿತು, ಹತ್ತು ಹನ್ನೆರಡು ತಾಸಿನ ಪ್ರಯಾಣ ಸುಮಾರು ನಾಲ್ಕು ತಾಸಾಯಿತು. ನಮ್ಮಲ್ಲಿ ಎಷ್ಟೋ ಜನ ಇದನ್ನು ಪಾಲಿತಾಣಕ್ಕೋ ಭಾವನಗರಕ್ಕೋ ಹೋಗುವ ಅಡ್ಡದಾರಿ ಎಂದಷ್ಟೇ ನೋಡಿದ್ದೇವೆ. ನಾನು ಹೇಳುವುದು, ಅದನ್ನು ಪರೀಕ್ಷೆ ಎಂದು ನೋಡಿ.

ಏನು ಪರೀಕ್ಷೆ? ನಾಲ್ಕು ತಾಸು ನೀರಿನ ಮೇಲೆ ನಿಮ್ಮ ಹೊಟ್ಟೆ ಹೇಗಿರುತ್ತದೆ, ಮಂಡಿನೋವಿನ ಅತ್ತೆಯವರು ಹಡಗಿನ ಮೆಟ್ಟಿಲು ಹತ್ತಬಲ್ಲರೇ, ಚಿಕ್ಕ ಮಗು ಕಟಕಟೆ ಹತ್ತಲು ಹೋಗುತ್ತದೆಯೇ, ಯಜಮಾನರು ಒಂದು ತಾಸಿನ ನಂತರ ‘ಇನ್ನೆಷ್ಟು ಹೊತ್ತು’ ಎಂದು ಕೇಳಲು ಶುರುಮಾಡುತ್ತಾರೆಯೇ. ನಗಬೇಡಿ, ಕ್ರೂಸ್‌ನಲ್ಲಿ ಇಡೀ ದಿನ ದಡವೇ ಕಾಣದ ದಿನಗಳಿರುತ್ತವೆ. ಆಗ ಇಳಿದು ಮನೆಗೆ ಹೋಗುತ್ತೇನೆ ಎನ್ನುವಂತಿಲ್ಲ. ಇಲ್ಲಾದರೆ ಘೋಘಾದಲ್ಲಿ ಇಳಿದು, ಹಿಂದಕ್ಕೆ ಬಸ್ಸು ಹಿಡಿಯಬಹುದು.

ಇದು ಪೂರ್ತಿ ಪರೀಕ್ಷೆಯೇನಲ್ಲ. ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತ ಬಹಳ ಜೋರು. ಭಾವನಗರದ ಕಡೆ ನೀರು ಹತ್ತು ಮೀಟರ್ ಏರಿ ಇಳಿಯುತ್ತದೆ. ಆದರೂ ಅದು ಎರಡು ಕಡೆ ನೆಲವಿರುವ ಕೊಲ್ಲಿ. ತೆರೆದ ಅರಬ್ಬೀ ಸಮುದ್ರದ ಉದ್ದನೆಯ ತೂಗಾಟವೇ ಬೇರೆ. ಇಲ್ಲಿ ಆರಾಮಾಗಿದ್ದವರಿಗೆ ಅಲ್ಲಿಯೂ ಆರಾಮ ಎಂದು ಬರೆದುಕೊಡಲಾರೆ. ಆದರೆ ಇಲ್ಲೇ ತಲೆ ಎತ್ತಲಾಗದೆ ಮಲಗಿದವರು ಐದು ರಾತ್ರಿಯ ಟಿಕೆಟ್ ತೆಗೆಯುವ ಮುನ್ನ ಎರಡು ಸಲ ಯೋಚಿಸಬೇಕು. ಬೇಕಿದ್ದರೆ ಎರಡು ರಾತ್ರಿಯದನ್ನು ಆರಿಸಿಕೊಳ್ಳಲಿ.

ಹೊಟ್ಟೆ ತೊಳಸುವವರಿಗೆ ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆ ವಾಸಿ. ಏಜೆಂಟರು ಮೇಲಿನ ಬಾಲ್ಕನಿ ಕೋಣೆಯನ್ನೇ ಹೊಗಳುತ್ತಾರೆ, ಅದರ ಬೆಲೆಯೂ ಹೆಚ್ಚು, ತೂಗಾಟವೂ ಹೆಚ್ಚು. ವಾಂತಿ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುವ ಮಾತ್ರೆಗಳವು. ಬಿಪಿ ಇರುವವರು, ಗ್ಲಾಕೋಮಾ ಇರುವವರು, ಬಸುರಿಯರು ನಿಮ್ಮ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬಸುರಿಯರಿಗೆ ಇನ್ನೊಂದು ಮಾತು: ಹೆಚ್ಚಿನ ಕ್ರೂಸ್ ಕಂಪನಿಗಳು 24 ವಾರ ತುಂಬಿದವರನ್ನು ಹತ್ತಿಸಿಕೊಳ್ಳುವುದಿಲ್ಲ. ಟಿಕೆಟ್ ತೆಗೆಯುವ ದಿನದ ವಾರವಲ್ಲ, ಪ್ರವಾಸ ಮುಗಿಯುವ ದಿನದ ವಾರ ಲೆಕ್ಕ ಹಾಕಿ.

ಕಾಲ ಯಾವುದು? ನಮ್ಮಲ್ಲಿ ಮಂಗಳೂರು, ಮಲ್ಪೆ ಕಡೆಯವರು ಇದ್ದೀರಿ, ನಿಮಗೆ ಹೇಳಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಮಳೆಗಾಲದ ಪಶ್ಚಿಮ ಕರಾವಳಿ ವಿಹಾರಕ್ಕಲ್ಲ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು.

ಈಗ ಹಣದ ವಿಷಯ. ಜಾಹೀರಾತಿನ ದರ ಒಬ್ಬರದ್ದು, ಅದೂ ಕೋಣೆಯಲ್ಲಿ ಇಬ್ಬರಿದ್ದರೆ. ಒಬ್ಬರೇ ಹೋದರೆ ಹೆಚ್ಚು ತೆರಬೇಕು. ಮೂವರು ಗೆಳತಿಯರು ಒಂದೇ ಕೋಣೆ ಹಿಡಿದರೆ ಅಗ್ಗವಾಗುತ್ತದೆ ನಿಜ, ಆದರೆ ಮೂರನೆಯ ಹಾಸಿಗೆ ಸಾಮಾನ್ಯವಾಗಿ ಗೋಡೆಯಿಂದ ಇಳಿಸುವ, ರೈಲಿನ ಅಪ್ಪರ್ ಬರ್ತ್‌ನಂಥದ್ದು. ಏಣಿ ಹತ್ತುವವರು ಯಾರು ಎಂದು ಮನೆಯಲ್ಲೇ ತೀರ್ಮಾನಿಸಿ. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ಸಿಬ್ಬಂದಿಗೆ ಕೊಡುವ ಗ್ರ್ಯಾಚುಟಿ. ಊಟ ಸೇರಿರುತ್ತದೆ, ಪಾನೀಯ ಹಲವು ಸಲ ಸೇರಿರುವುದಿಲ್ಲ. ಗುಜರಾತಿನಿಂದ ಹೋಗುವ ಗಂಡಸರಿಗೆ ಹಡಗಿನ ಬಾರ್ ಕಂಡರೆ ಅದೇನೋ ಉತ್ಸಾಹ! ಅಲ್ಲಿ ನಗದು ಕೊಡುವುದಿಲ್ಲ, ಕೋಣೆಯ ಕಾರ್ಡ್ ಉಜ್ಜಿದರಾಯಿತು. ಬಿಲ್ಲು ಕೊನೆಯ ರಾತ್ರಿ ಬಾಗಿಲ ಕೆಳಗಿಂದ ಒಳಗೆ ಬರುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಹಡಗಿನ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ಒಂದು ಕರೆಗೆ ಒಂದು ಸೀರೆಯ ದುಡ್ಡು ಹೋಗುತ್ತದೆ.

ಹಣ ಕಟ್ಟುವಾಗ ರದ್ದತಿಯ ನಿಯಮವನ್ನು ಓದಲೇಬೇಕು. 2019ರ ಏಪ್ರಿಲ್‌ನಲ್ಲಿ ಮುಂಬೈಯಿಂದ ಕರ್ಣಿಕಾ ಎಂಬ ಹಡಗು ಬಹಳ ಸಂಭ್ರಮದಿಂದ ಓಡಾಟ ಶುರುಮಾಡಿತ್ತು. ಕೊರೊನಾ ಬಂತು, 2020ರಲ್ಲಿ ಜಲೇಶ್ ಕಂಪನಿ ಮುಚ್ಚಿತು. ಆ ಹಡಗು ಕೊನೆಗೆ ಬಂದು ನಿಂತದ್ದು ನಮ್ಮ ಎದುರು ದಡದ ಅಲಂಗ್‌ನಲ್ಲಿ, ಒಡೆಯುವುದಕ್ಕೆ. ವರ್ಷ ಮುಂಚೆ ಪೂರ್ತಿ ಹಣ ಕಟ್ಟಿ ಎನ್ನುವ ‘ಆಫರ್’ ಕಂಡಾಗ ನನಗೆ ಆ ಹಡಗು ನೆನಪಾಗುತ್ತದೆ. ಈಗ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಓಡುವ ಕಾರ್ಡೀಲಿಯಾದ ಎಂಪ್ರೆಸ್ 1990ರಲ್ಲಿ ಕಟ್ಟಿದ್ದು. ಹಳೆಯದೆಂದು ಹೆದರಬೇಕಿಲ್ಲ, ಆದರೆ ಯೂಟ್ಯೂಬಿನ ಹೊಸ ವಿದೇಶಿ ಹಡಗಿನ ವಿಡಿಯೋ ನೋಡಿ ಅದೇ ಸಿಗುತ್ತದೆಂದು ಹೋಗಬೇಡಿ.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲುಗುವ ಚಿಕ್ಕ ದೋಣಿಗೆ ಇಳಿದು ದಡ ಸೇರಬೇಕು. ಮಂಡಿ ಆಪರೇಷನ್ ಆದವರಿಗೆ ಇದು ಕಷ್ಟ. ಅಮ್ಮನವರನ್ನು ಕರೆದೊಯ್ಯುವವರು ಇದನ್ನು ಬುಕಿಂಗ್‌ಗೆ ಮೊದಲೇ ಕೇಳಿ.

ಸಿಂಗಾಪುರದಿಂದ ಹೊರಡುವ ಹಡಗಾದರೆ ಪಾಸ್‌ಪೋರ್ಟ್ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು, ಏಕೆಂದರೆ ಹಡಗು ಹತ್ತಿದಾಗ ಆ ದೇಶ ಬಿಟ್ಟಂತೆ, ಮರಳಿದಾಗ ಮತ್ತೆ ಒಳಬಂದಂತೆ.

ಮುಂಬೈಯಿಂದಾದರೆ ಹಿಂದಿನ ದಿನವೇ ಹೋಗಿ ತಂಗಿ. ಹಜೀರಾದಿಂದ ಸೂರತ್ ಸ್ಟೇಷನ್ ತಲುಪುವುದೇ ಒಂದು ಯಾತ್ರೆ, ಆಮೇಲೆ ರೈಲು, ಆಮೇಲೆ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ಸೂಟ್‌ಕೇಸನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರಲು ಹಲವು ತಾಸು ಹಿಡಿಯಬಹುದು. ಆದ್ದರಿಂದ ಮಾತ್ರೆಗಳು, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಒಯ್ಯುವಂತಿಲ್ಲ. ಮನೆಯಲ್ಲಿ ಮಾಡಿದ ತಿಂಡಿಯನ್ನೂ ಹಲವು ಹಡಗುಗಳು ಬಿಡುವುದಿಲ್ಲ. ಹುಳಿಯವಲಕ್ಕಿಯ ಡಬ್ಬಿಯನ್ನು ರೈಲಿನಲ್ಲೇ ಖಾಲಿ ಮಾಡಿ.

ಇನ್ನೊಂದನ್ನು ಒತ್ತಿ ಹೇಳಬೇಕು. ಹಡಗು ಹತ್ತಿದ ಮೇಲೆ ಸುರಕ್ಷತಾ ಡ್ರಿಲ್ ಇರುತ್ತದೆ. ನಮ್ಮವರು ‘ನೀನು ಹೋಗಿ ಕೇಳಿ ಬಾ’ ಎಂದು ಕೋಣೆಯಲ್ಲಿ ಉಳಿದುಬಿಡುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅದೇ ದಿನ ಹತ್ತಿದ್ದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮವೇ ಬದಲಾಗಿ, ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಡ್ರಿಲ್ ಕಡ್ಡಾಯವಾಯಿತು. ಏಳು ಚಿಕ್ಕ ಶಿಳ್ಳೆ, ಒಂದು ಉದ್ದ ಶಿಳ್ಳೆ ಕೇಳಿಸಿದರೆ ತುರ್ತು ಕರೆ. ಮಕ್ಕಳಿಗೂ ಅತ್ತೆ ಮಾವಂದಿರಿಗೂ ಇದನ್ನು ಕಲಿಸಿ, ಎಲ್ಲಿ ಸೇರಬೇಕೆಂದು ಕಾಲ್ನಡಿಗೆಯಲ್ಲಿ ಒಮ್ಮೆ ತೋರಿಸಿ.

ಕಳೆದ ಸಭೆಯಲ್ಲಿ ಒಬ್ಬರು ಕೇಳಿದ್ದರು, ‘ಇಷ್ಟೆಲ್ಲ ನಾವೇ ನೋಡಿಕೊಂಡರೆ ನಮಗೆ ರಜೆ ಎಲ್ಲಿ?’ ಸರಿಯಾದ ಪ್ರಶ್ನೆ. ಅಡುಗೆ, ಪಾತ್ರೆ, ಹಾಸಿಗೆ ಯಾವುದೂ ಇಲ್ಲದ ಪ್ರವಾಸವೆಂದೇ ನಮಗೆ ಕ್ರೂಸ್ ಇಷ್ಟ. ಹಾಗಾಗಿ ಕೆಲಸ ಹಂಚಿ. ಪಾಸ್‌ಪೋರ್ಟ್, ಟಿಕೆಟ್, ವಿಮೆ ಯಜಮಾನರಿಗೆ. ವಿಮೆಯಲ್ಲಿ ಮನೆಯವರ ಸಕ್ಕರೆ, ಬಿಪಿ ಮುಚ್ಚಿಡದೆ ಬರೆಸಲಿ. ಹಡಗಿನ ಡಾಕ್ಟರು ಇರುತ್ತಾರೆ, ಶುಲ್ಕ ಜೋರು. ಮಕ್ಕಳ ಪೆಟ್ಟಿಗೆ ಮಕ್ಕಳಿಗೆ.

ಫೆರಿಗೆ ಹೋಗುವವರು ಕೈ ಎತ್ತಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತ ಹೆಚ್ಚು. ಕ್ಯಾಲೆಂಡರ್ ನೋಡಿ ನಡುವಿನ ಒಂದು ಭಾನುವಾರ ಗೊತ್ತುಮಾಡೋಣ. ಹೊರಡುವ ಸಮಯ ಬದಲಾಗುವುದುಂಟು, ಹಿಂದಿನ ಸಂಜೆ ವಿಚಾರಿಸಿಯೇ ಹೊರಡೋಣ. ಹೆಸರು ಕೊಡುವವರು ಚಹಾ ಹೊತ್ತಿನಲ್ಲಿ ಕೊಡಿ.